ಟ್ರಬಲ್ ಅಂದ್ರೆ ತೊಂದರೆ ತಾನೇ?

ಓದುಗರ ಪ್ರಶ್ನೆ: ಆಫೀಸಿಗೆ ಹೋಗುವಾಗ ದಾರಿಯಲ್ಲಿ ಬೈಕ್ ಕೆಟ್ಟು ನಿಂತಿತು. ಮ್ಯಾನೇಜರಿಗೆ ‘ಐ ಆ್ಯಮ್ ಇನ್ ಟ್ರಬಲ್, ವಿಲ್ ಬಿ ಲೇಟ್’ ಅಂತ ಮೆಸೇಜ್ ಹಾಕಿದೆ. ಅವರು ಗಾಬರಿಯಾಗಿ ಫೋನ್ ಮಾಡಿ, ಏನಾಯ್ತು, ಯಾರ ಜೊತೆ ಗಲಾಟೆ, ಪೊಲೀಸರು ಬಂದಿದ್ದಾರಾ ಅಂತೆಲ್ಲ ಕೇಳಿದರು. ಟ್ರಬಲ್ ಅಂದ್ರೆ ತೊಂದರೆ ತಾನೇ? ಪ್ರಾಬ್ಲಮ್‌ಗೂ ಅದಕ್ಕೂ ಏನು ವ್ಯತ್ಯಾಸ?

ಉತ್ತರ: ನಿಮ್ಮ ಮ್ಯಾನೇಜರ್ ಗಾಬರಿಯಾದದ್ದರಲ್ಲಿ ತಪ್ಪೇನಿಲ್ಲ. ‘ಇನ್ ಟ್ರಬಲ್’ ಅಂದರೆ ಸಣ್ಣಪುಟ್ಟ ಅಡಚಣೆ ಅಲ್ಲ, ಸಿಕ್ಕಿಹಾಕಿಕೊಂಡಿದ್ದೇನೆ ಅಂತ. ಒಂದೋ ಅಪಾಯ ಎದುರಿಗಿದೆ, ಇಲ್ಲವೇ ಏನೋ ಮಾಡಿಕೊಂಡು ಈಗ ಯಾರದೋ ಕೈಗೆ ಸಿಕ್ಕಿಬಿದ್ದಿದ್ದೀರಿ. ಸಾಲ ತೀರಿಸಲಾಗದೆ ಒದ್ದಾಡುವ ಕಂಪನಿ ‘ಇನ್ ಟ್ರಬಲ್’. ಈಜು ಬಾರದೆ ಕೆರೆಗೆ ಇಳಿದವನೂ ‘ಇನ್ ಟ್ರಬಲ್’. ಬೈಕ್ ಕೆಟ್ಟರೆ ‘ಐ ಆ್ಯಮ್ ಹ್ಯಾವಿಂಗ್ ಟ್ರಬಲ್ ವಿತ್ ಮೈ ಬೈಕ್’ ಅಂದರೆ ಸಾಕು. ‘ಇನ್’ ಹೋಗಿ ‘ಹ್ಯಾವ್’ ಬಂದರೆ ವಿಷಯದ ತೂಕವೇ ಇಳಿದುಹೋಗುತ್ತದೆ.

ಇನ್ನು ಪ್ರಾಬ್ಲಮ್. ಇದಕ್ಕೆ ಗಣಿತದ ಪುಸ್ತಕಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಪಾಠದ ಕೊನೆಯಲ್ಲಿ ಹತ್ತು ಲೆಕ್ಕ ಕೊಟ್ಟಿರುತ್ತಾರಲ್ಲ, ಅವು ಹತ್ತು ಪ್ರಾಬ್ಲಮ್. ಒಂದೊಂದಕ್ಕೂ ನಂಬರ್ ಇದೆ, ಒಂದೊಂದಕ್ಕೂ ಉತ್ತರ ಇದೆ. ಅವನ್ನು ಬಿಡಿಸಲು ಬಾರದೆ ಪೆನ್ಸಿಲ್ ಕಚ್ಚುತ್ತಾ ಕೂತ ಹುಡುಗನಿಗೆ ಇರುವುದು ಟ್ರಬಲ್. ಬಿಡಿಸದೆ ಮರುದಿನ ಕ್ಲಾಸಿಗೆ ಹೋದರೆ ಅವನು ‘ಇನ್ ಟ್ರಬಲ್’. ಮೂರೂ ಒಂದೇ ಕಥೆಯಲ್ಲಿ ಬಂದವು, ಆದರೂ ಮೂರೂ ಬೇರೆ ಬೇರೆ.

ಹಾಗಾಗಿ ಪ್ರಾಬ್ಲಮ್ ಎಣಿಸಬಹುದು, ಟ್ರಬಲ್ ಎಣಿಸಲಾಗದು. ‘ಐ ಹ್ಯಾವ್ ಎ ಪ್ರಾಬ್ಲಮ್’ ಸರಿ, ‘ಐ ಹ್ಯಾವ್ ಎ ಟ್ರಬಲ್’ ಕಿವಿಗೆ ಹಿಡಿಸುವುದಿಲ್ಲ. ‘ಎ ಬಿಟ್ ಆಫ್ ಟ್ರಬಲ್’, ‘ಎ ಲಾಟ್ ಆಫ್ ಟ್ರಬಲ್’ ಅಂತ ಅಳತೆ ಹೇಳಬಹುದು, ಅಷ್ಟೇ. ಪ್ರಾಬ್ಲಮ್ಮನ್ನು ‘ಸಾಲ್ವ್’ ಮಾಡುತ್ತಾರೆ. ಟ್ರಬಲ್ಲನ್ನು ಯಾರೂ ಸಾಲ್ವ್ ಮಾಡುವುದಿಲ್ಲ, ಅದರಿಂದ ಹೊರಗೆ ಬರುತ್ತಾರೆ.

ಯಾಕೆ ಹೀಗೆ ಅನ್ನುವುದನ್ನು ನೆನಪಿಟ್ಟುಕೊಳ್ಳಲು ಟ್ರಬಲ್ ಪದದ ಹುಟ್ಟು ನೋಡಿ. ಇದು ಹಳೆಯ ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಬಂದದ್ದು. ಬೇರು ಲ್ಯಾಟಿನ್ನಿನ ‘ಟರ್ಬಿಡುಸ್’, ಅಂದರೆ ಕಲಕಿದ್ದು, ಕದಡಿದ್ದು. ವಿಮಾನ ಕುಲುಕಿದಾಗ ಹೇಳುವ ಟರ್ಬ್ಯುಲೆನ್ಸ್, ಬಾಗಿಲಿಗೆ ನೇತುಹಾಕುವ ‘ಡು ನಾಟ್ ಡಿಸ್ಟರ್ಬ್’, ಎಲ್ಲ ಒಂದೇ ಬಳಗ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ದೇವದೂತ ಜೆರುಸಲೇಮಿನ ಕೊಳಕ್ಕಿಳಿದು ನೀರನ್ನು ಟ್ರಬಲ್ ಮಾಡುತ್ತಾನೆ. ನೀರಿಗೆ ತೊಂದರೆ ಕೊಟ್ಟ ಅಂತಲ್ಲ, ನೀರನ್ನು ಕಲಕಿದ ಅಂತ. ನಾವೂ ನೀರು ಕಲಕುತ್ತೇವೆ, ಮನಸ್ಸು ಕಲಕಿತು ಅಂತಲೂ ಹೇಳುತ್ತೇವೆ. ಕಲಕಿದ ನೀರನ್ನು ಒಂದು, ಎರಡು ಅಂತ ಎಣಿಸೋಕಾಗುತ್ತಾ?

ಪತ್ರಿಕೆಗಳಲ್ಲಿ ರಾಜಕಾರಣಿಗಳ ಬಗ್ಗೆ ಬರೆಯುವ ‘ಫಿಶಿಂಗ್ ಇನ್ ಟ್ರಬಲ್ಡ್ ವಾಟರ್ಸ್’ ಕೂಡ ಈ ಹಳೆಯ ಅರ್ಥದ್ದೇ. ಅದನ್ನು ‘ಕಲಕಿದ ನೀರಿನಲ್ಲಿ ಮೀನು ಹಿಡಿಯುವುದು’ ಅಂತ ಅನುವಾದ ಮಾಡಿದ್ದನ್ನು ನೋಡಿದರೆ ನನಗೆ ಸ್ವಲ್ಪ ಬೇಜಾರು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂತ ನಮ್ಮದೇ ಮಾತು ಇದೆ ಅಲ್ವಾ?

ವ್ಯಾಕರಣದಲ್ಲಿ ನಮ್ಮವರು ಜಾಸ್ತಿ ಎಡವುವ ಜಾಗ ಒಂದಿದೆ. ‘ಐ ಹ್ಯಾವ್ ಟ್ರಬಲ್ ಟು ಸ್ಲೀಪ್’ ಅಂತಾರೆ. ‘ಐ ಹ್ಯಾವ್ ಟ್ರಬಲ್ ಸ್ಲೀಪಿಂಗ್’ ಆಗಬೇಕು. ತಪ್ಪು ಎಲ್ಲಿಂದ ಬರುತ್ತದೆ ಅನ್ನುವುದೂ ಗೊತ್ತು: ‘ನಿದ್ದೆ ಮಾಡೋಕೆ ಕಷ್ಟ’ ಅನ್ನುವಾಗಿನ ಆ ‘ಓಕೆ’ ನಮ್ಮ ತಲೆಯಲ್ಲಿ ‘ಟು’ ಆಗಿ ಕೂರುತ್ತದೆ. ‘ಡಿಫಿಕಲ್ಟ್ ಟು ಸ್ಲೀಪ್’ ಸರಿ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ಟ್ರಬಲ್ ಬಂದರೆ ಅದರ ನಂತರದ ಕ್ರಿಯಾಪದಕ್ಕೆ ‘ಇಂಗ್’ ಸೇರಲಿ. ಟ್ರಬಲ್ ಪಾರ್ಕಿಂಗ್, ಟ್ರಬಲ್ ಬ್ರೀದಿಂಗ್.

ಇದಕ್ಕೂ ಒಂದು ವಿನಾಯಿತಿ ಇದೆ, ಅದು ಪದದ ಇನ್ನೊಂದು ಮುಖವನ್ನೇ ತೋರಿಸುತ್ತದೆ. ‘ಶಿ ಟುಕ್ ದ ಟ್ರಬಲ್ ಟು ಕಾಲ್ ಮಿ.’ ಇಲ್ಲಿ ‘ಟು’ ಸರಿ, ಯಾಕೆಂದರೆ ಇಲ್ಲಿ ಟ್ರಬಲ್ ಅಂದರೆ ಶ್ರಮ. ಮಾಡಲೇಬೇಕಾಗಿರಲಿಲ್ಲ, ಆದರೂ ಆಸ್ಥೆಯಿಂದ ಮಾಡಿದಳು. ಇದು ಮೆಚ್ಚುಗೆ, ದೂರು ಅಲ್ಲ. ಈ ಅರ್ಥ ಕನ್ನಡಿಗರಿಗೆ ಹೊಸದೇನಲ್ಲ. ಯಾರ ಮನೆಗಾದರೂ ಹೋದಾಗ ಮನೆಯವರು ಅಡುಗೆಮನೆ ಕಡೆ ತಿರುಗಿದ ಕೂಡಲೇ ನಾವು ಹೇಳುವುದೇನು? ‘ಯಾಕ್ರೀ ಸುಮ್ನೆ ತೊಂದ್ರೆ ತಗೋತೀರಾ, ಈಗಷ್ಟೇ ಕಾಫಿ ಕುಡ್ಕೊಂಡು ಬಂದ್ವಿ.’ ಒಳಗಿನಿಂದ ಉತ್ತರ ಬರುತ್ತದೆ: ‘ಅಯ್ಯೋ, ಅದರಲ್ಲಿ ತೊಂದ್ರೆ ಏನ್ ಬಂತು!’ ಆ ಉತ್ತರವೇ ಇಂಗ್ಲಿಷಿನ ‘ನೋ ಟ್ರಬಲ್ ಅಟ್ ಆಲ್’. ಆಮೇಲೆ ಕಾಫಿ ಬಂದೇ ಬರುತ್ತದೆ, ಕುಡಿದೇ ಕುಡಿಯುತ್ತೇವೆ.

‘ಸಾರಿ ಟು ಟ್ರಬಲ್ ಯು’ ಕೂಡ ಇದೇ ಮರ್ಯಾದೆಯ ಮಾತು. ಗುರುತಿಲ್ಲದವರನ್ನು ಏನಾದರೂ ಕೇಳುವಾಗ ಚೆನ್ನ. ಪಕ್ಕದ ಟೇಬಲ್ಲಿನ ಸಹೋದ್ಯೋಗಿಗೆ ಪ್ರತಿ ಮೇಲ್‌ನಲ್ಲೂ ಬರೆಯಬೇಡಿ, ನಾಟಕ ಅನ್ನಿಸುತ್ತದೆ.

ಮೈಗೂ ಯಂತ್ರಕ್ಕೂ ಇದು ಸಲೀಸಾಗಿ ಹೊಂದುತ್ತದೆ: ಹಾರ್ಟ್ ಟ್ರಬಲ್, ಎಂಜಿನ್ ಟ್ರಬಲ್. ‘ಮೈ ನೀ ಈಸ್ ಗಿವಿಂಗ್ ಮಿ ಟ್ರಬಲ್’ ಅನ್ನುವುದನ್ನು ‘ಮಂಡಿ ತೊಂದರೆ ಕೊಡ್ತಿದೆ’ ಅನ್ನುವುದರ ಕನ್ನಡ ಇಂಗ್ಲಿಷ್ ಅಂದುಕೊಂಡು ಹಿಂಜರಿಯುವವರಿದ್ದಾರೆ. ಬೇಕಿಲ್ಲ, ಅದು ಅಪ್ಪಟ ಇಂಗ್ಲಿಷೇ. ಕಂಪ್ಯೂಟರ್‌ನವರ ಬಾಯಲ್ಲಿ ದಿನವೂ ಬರುವ ‘ಟ್ರಬಲ್‌ಶೂಟಿಂಗ್’ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದಲ್ಲಿ ಟೆಲಿಗ್ರಾಫ್, ಟೆಲಿಫೋನ್ ತಂತಿ ಎಲ್ಲಿ ಕೈಕೊಟ್ಟಿದೆ ಅಂತ ಹುಡುಕಿಕೊಂಡು ಹೋಗಿ ಸರಿಮಾಡುತ್ತಿದ್ದ ಕೆಲಸಗಾರನನ್ನು ಟ್ರಬಲ್‌ಶೂಟರ್ ಅನ್ನುತ್ತಿದ್ದರು.

ಎಣಿಸಲಾಗದು ಅಂದೆ, ಆದರೆ ‘ಟ್ರಬಲ್ಸ್’ ಅಂತ ಬಹುವಚನ ಇದೆ. ಬದುಕಿನ ಗೋಳು, ತಾಪತ್ರಯಗಳಿಗೆ ಅದನ್ನು ಬಳಸುತ್ತಾರೆ. ಅದಕ್ಕೆ ಮೊದಲು ‘ದ’ ಸೇರಿಸಿ ‘ದ ಟ್ರಬಲ್ಸ್’ ಅಂದರೆ ಅದು ಒಂದು ನಾಡಿನ ಚರಿತ್ರೆ. ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಒಪ್ಪಂದದವರೆಗೆ ನಡೆದ ಹಿಂಸಾಚಾರಕ್ಕೆ ಅದೇ ಹೆಸರು. ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು ಒಂದು ಕಡೆ, ಐರ್ಲೆಂಡಿಗೆ ಸೇರಬೇಕು ಅನ್ನುವವರು ಇನ್ನೊಂದು ಕಡೆ, ನಡುವೆ ಸೈನ್ಯ. ಸುಮಾರು 3,500 ಜನ ಸತ್ತರು. ಬಾಂಬು, ಗುಂಡು, ಬೀದಿಗೆ ಅಡ್ಡ ಗೋಡೆ, ಇಷ್ಟೆಲ್ಲ ಆದರೂ ಹೆಸರು ಮಾತ್ರ ‘ತೊಂದರೆಗಳು’. ಕನ್ನಡದಲ್ಲಿ ಹಾಗೇ ಅನುವಾದಿಸಿದರೆ ನೀರು ಬರದ ವಾರ್ಡಿನ ಸುದ್ದಿಯಂತೆ ಕೇಳಿಸುತ್ತದೆ. ‘ಟ್ರಬಲ್ಸ್’ ಅಂತಲೇ ಬಿಟ್ಟು ಒಂದು ಸಾಲು ವಿವರಣೆ ಕೊಡುವುದೇ ಮೇಲು.

ಇದೇ ಪದವನ್ನು ತಲೆಕೆಳಗು ಮಾಡಿದವರು ಅಮೆರಿಕದ ಜಾನ್ ಲೂಯಿಸ್. ಕರಿಯರಿಗೆ ಬೇರೆ, ಬಿಳಿಯರಿಗೆ ಬೇರೆ ಅಂತ ಬೋರ್ಡು ಹಾಕಿದ್ದ ಕಾಲದಲ್ಲಿ ಅಲಬಾಮಾದಲ್ಲಿ ಹುಟ್ಟಿದವರು. ಇದೇಕೆ ಹೀಗೆ ಅಂತ ಕೇಳಿದರೆ ಮನೆಯಲ್ಲಿ ಹಿರಿಯರು ‘ಡೋಂಟ್ ಗೆಟ್ ಇನ್ ಟ್ರಬಲ್’ ಅನ್ನುತ್ತಿದ್ದರಂತೆ. ನಮ್ಮ ಹಿರಿಯರಾದರೆ ‘ನಿನಗ್ಯಾಕಪ್ಪ ಇಲ್ಲದ ಉಸಾಬರಿ’ ಅನ್ನುತ್ತಿದ್ದರು. 1965ರಲ್ಲಿ ಸೆಲ್ಮಾ ಊರಿನ ಸೇತುವೆಯ ಮೇಲೆ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಪೊಲೀಸರ ಏಟಿಗೆ ಅವರ ತಲೆಬುರುಡೆ ಬಿರುಕುಬಿಟ್ಟಿತು. ಮುಂದೆ ಸಂಸದರಾದರು, 2020ರಲ್ಲಿ ತೀರಿಕೊಂಡರು. ಅನ್ಯಾಯ ಕಂಡರೆ ಸುಮ್ಮನಿರಬೇಡಿ, ‘ಗುಡ್ ಟ್ರಬಲ್’ ಮಾಡಿ ಅಂತ ಯುವಕರಿಗೆ ಹೇಳುತ್ತಲೇ ಇದ್ದರು.

ಕನ್ನಡಕ್ಕೆ ತರುವಾಗ ಎಲ್ಲ ಕಡೆ ‘ತೊಂದರೆ’ ಹಾಕಿ ಕೈತೊಳೆದುಕೊಳ್ಳಬೇಡಿ. ‘ದ ಟ್ರಬಲ್ ಈಸ್’ ಅಂತ ಶುರುವಾದರೆ ‘ತೊಡಕಿರುವುದು ಇಲ್ಲೇ’ ಅನ್ನಬಹುದು. ‘ಇನ್ ಟ್ರಬಲ್’ಗೆ ಪೇಚಿಗೆ ಸಿಕ್ಕಿಬಿದ್ದ, ಫಜೀತಿಯಾಯ್ತು. ‘ಆಸ್ಕಿಂಗ್ ಫಾರ್ ಟ್ರಬಲ್’ಗೆ ‘ಇರಲಾರದೆ ಇರುವೆ ಬಿಟ್ಟುಕೊಂಡ’ ಅನ್ನುವುದಕ್ಕಿಂತ ಹತ್ತಿರದ ಮಾತು ಸಿಗಲಿಕ್ಕಿಲ್ಲ. ‘ಡೋಂಟ್ ಟ್ರಬಲ್ ಮಿ’ ಅನ್ನುವುದಂತೂ ಊರು ನೋಡಿ ಬದಲಾಗುತ್ತದೆ: ಧಾರವಾಡದಲ್ಲಿ ‘ತ್ರಾಸ ಕೊಡಬ್ಯಾಡ’, ಮಂಗಳೂರಲ್ಲಿ ‘ಉಪದ್ರ ಮಾಡ್ಬೇಡ ಮಾರಾಯ’, ಬೆಂಗಳೂರಲ್ಲಿ ‘ಟಾರ್ಚರ್ ಕೊಡ್ಬೇಡ ಗುರು’.