ಎಷ್ಟು ಗೆರೆ ಸಾಕು?

ಹಾಸನದ ನನ್ನ ಚಿತ್ರಕಲಾ ತರಗತಿಯ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋದಾಗ ಹೆಚ್ಚಿನವರು ಮದನಿಕೆಯ, ಅಂದರೆ ಗುಡಿಯ ಸೂರಿನಡಿಯ ಹೆಣ್ಣಿನ ಶಿಲ್ಪದ, ಒಡವೆಯಿಂದಲೇ ಶುರು ಮಾಡುತ್ತಾರೆ. ಸರ, ಕಡಗ, ಮೇಲಿನ ಬಳ್ಳಿ, ಎಲ್ಲವೂ ಪೇಪರಿಗೆ ಬರುತ್ತದೆ. ಆದರೆ ಆಕೆ ಮಾತ್ರ ನಿಂತಿರುವುದಿಲ್ಲ, ತೇಲುತ್ತಿರುತ್ತಾಳೆ.

ಬಳಪದ ಕಲ್ಲು ಮೆತ್ತಗಿರುವುದರಿಂದ ಹೊಯ್ಸಳ ಶಿಲ್ಪಿಗಳು ಅಷ್ಟು ಸೂಕ್ಷ್ಮವಾಗಿ ಕೆತ್ತಿದರು, ನಿಜ. ಆದರೆ ಆ ಕೆತ್ತನೆಯ ಅಡಿಯಲ್ಲಿ ತ್ರಿಭಂಗಿ ಇದೆ. ಕುತ್ತಿಗೆ, ಸೊಂಟ, ಮಂಡಿ, ಮೂರು ಕಡೆ ಮೈ ಬಾಗಿದೆ. ಎದ್ದು ನಿಂತು ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನೋಡಿ. ಆ ಕಡೆಯ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಕತ್ತಿನ ಗುಳಿಯಿಂದ ನೇರ ಕೆಳಗೆ ಗೆರೆ ಎಳೆದರೆ ಅದು ಭಾರ ಹೊತ್ತ ಪಾದದ ಹತ್ತಿರವೇ ಬರುತ್ತದೆ. ಇಷ್ಟು ಸಿಕ್ಕರೆ ಕಣ್ಣು ಮೂಗು ಬರೆಯದಿದ್ದರೂ ಆಕೆ ನಿಲ್ಲುತ್ತಾಳೆ. ನಾನು ಅಮೂರ್ತ ಅನ್ನುವುದು ಇದನ್ನೇ. ಚೆನ್ನಾಗಿ ನೋಡಿದ ಮೇಲೆ, ಬೇಡದ್ದನ್ನು ಬಿಡುವುದು.

ಕೈಬೆರಳು ಬರೆಯಲು ಬಾರದೆ ಸುಮ್ನೆ ಮಸಿ ಬಳಿದು ಬಿಟ್ಟರೆ ಅದು ಬೇರೆ. ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ಪಿಕಾಸೊ 1945ರ ಕೊನೆಯಲ್ಲಿ ಗೂಳಿಯ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಸರಣಿ ಶುರು ಮಾಡಿದಾಗ ಮೊದಲು ಮೈತುಂಬಿದ ಗೂಳಿಯನ್ನೇ ಬರೆದರು. ಒಟ್ಟು 11 ಹಂತ. ಕೊನೆಯದರಲ್ಲಿ ಉಳಿದದ್ದು ಕೆಲವೇ ಗೆರೆ, ಆದರೂ ಅದು ಗೂಳಿಯೇ. ಆ ಕೊನೆಯ ಹಾಳೆಯನ್ನಷ್ಟೇ ನೋಡಿ ನಕಲು ಮಾಡಿದರೆ ಏನೂ ಕಲಿತಂತಾಗುವುದಿಲ್ಲ.

ನಮ್ಮವರೇ ಆದ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನಾನು ಮತ್ತೆ ಮತ್ತೆ ತೋರಿಸುತ್ತೇನೆ. ಲಯ ಮೈಗೆ ಹತ್ತಲಿ ಎಂದು ಅವರು ಕಥಕ್ ಕಲಿತವರು. ಅವರ ನರ್ತಕಿಯರಲ್ಲಿ ಬೆನ್ನು, ತೋಳು, ಸೆರಗು ಒಂದೇ ಓಟದಲ್ಲಿ ಬಂದುಬಿಡುತ್ತವೆ. ಅಂಥ ಗೆರೆ ಬೆರಳಿನಿಂದ ಬರುವುದಿಲ್ಲ, ಭುಜದಿಂದ ಬರಬೇಕು. ಹಾಗಾಗಿ ಪುಟ್ಟ ನೋಟ್‌ಬುಕ್ ಬೇಡ. ದೊಡ್ಡ ಹಾಳೆ ಇಟ್ಟುಕೊಂಡು ನಿಂತು ಬರೆಯಿರಿ.

ಗೆರೆಯ ದಪ್ಪವೂ ಮಾತಾಡುತ್ತದೆ. ಸಕಲೇಶಪುರದ ಕಡೆ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಹೆಂಗಸನ್ನು ಗಮನಿಸಿ. ಒಂದು ಕೈ ರೆಂಬೆ ಬಗ್ಗಿಸಿದೆ, ಹಿಮ್ಮಡಿ ನೆಲ ಬಿಟ್ಟಿದೆ, ಸೊಂಟದ ಚೀಲ ಕೆಳಗೆ ಜಗ್ಗುತ್ತಿದೆ. ಬೆರಳ ತುದಿಯಿಂದ ಪಾದದವರೆಗೆ ಒಂದೇ ಸೆಳೆತ. ಅದನ್ನು ಒಂದೇ ಗೆರೆಯಲ್ಲಿ ಹಿಡಿಯಿರಿ. ಚೀಲ ಜಗ್ಗುವಲ್ಲಿ, ಕಾಲ್ಬೆರಳು ನೆಲ ಒತ್ತುವಲ್ಲಿ ಇದ್ದಿಲನ್ನು ಒತ್ತಿ. ಎತ್ತಿದ ತೋಳಿನಲ್ಲಿ ಕೈ ಹಗುರ ಮಾಡಿ, ಗೆರೆ ನಡುವೆ ಕಡಿದರೂ ಪರವಾಗಿಲ್ಲ. ಕಡಿದ ಜಾಗವನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಸುತ್ತಲೂ ಒಂದೇ ದಪ್ಪದ ಗೆರೆ ಹಾಕಿ ಮುಚ್ಚಿಬಿಟ್ಟರೆ ಆಕೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಾಳೆ, ಅಲ್ವಾ?

ತೋಳನ್ನು ನಿಜಕ್ಕಿಂತ ಉದ್ದ ಮಾಡಬಹುದೇ ಎಂದು ಕೇಳುತ್ತಾರೆ. ಖಂಡಿತ ಮಾಡಬಹುದು, ಆ ಚಾಚುವಿಕೆ ನಿಮಗೆ ಮುಖ್ಯ ಅನ್ನಿಸಿದ್ದರೆ. ಆದರೆ ಆಗ ತಲೆ ಚಿಕ್ಕದಾಗಲಿ, ಮುಖದ ವಿವರ ಹೋಗಲಿ. ಎಲ್ಲವನ್ನೂ ಹಿಗ್ಗಿಸಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಬೇಲೂರಿಗೆ ಹೋಗುವುದಾದರೆ ಒಂದು ಮಾತು. ಮದನಿಕೆಯರು ಎತ್ತರದಲ್ಲಿ, ಸೂರಿನ ಕೆಳಗೆ ಮುಂದಕ್ಕೆ ವಾಲಿದ್ದಾರೆ. ಬುಡದಲ್ಲೇ ನಿಂತರೆ ಕಾಲು ದೊಡ್ಡದಾಗಿ, ತಲೆ ಚಿಕ್ಕದಾಗಿ ಕಾಣುತ್ತದೆ. ಸ್ವಲ್ಪ ದೂರ ಸರಿದು ಬರೆಯಿರಿ. ಮೊದಲ ಕೆಲವು ಹಾಳೆಗಳಲ್ಲಿ ಒಡವೆ ಬೇಡ, ರಬ್ಬರ್ ಕೂಡ ಬೇಡ.