ಮಗುವಿನ ಪರ ವಕಾಲತ್ತು ಹಾಕೋದು ಯಾರು?

ಯಾವುದೇ ಜಿಲ್ಲಾ ಕೋರ್ಟಿನ ವಕೀಲರ ಸಂಘದಲ್ಲಿ ಸುಮ್ನೆ ಐದು ನಿಮಿಷ ಕೂತು ವಿಚಾರಿಸಿ. ‘ಅವರು ಸಿವಿಲ್ ಸೈಡು, ಇವರು ಕ್ರಿಮಿನಲ್, ಆ ಮೂಲೆಯಲ್ಲಿ ಕೂತವರದು ಮೋಟಾರು ಅಪಘಾತದ ಪ್ರಾಕ್ಟೀಸು’ ಅಂತ ಹೇಳುತ್ತಾರೆ. ಚೆಕ್ ಬೌನ್ಸ್ ಕೇಸುಗಳನ್ನೇ ನೆಚ್ಚಿಕೊಂಡವರೂ ಸಿಗುತ್ತಾರೆ. ‘ಇವರು ಮಕ್ಕಳ ವಕೀಲರು’ ಅಂತ ಯಾರನ್ನಾದರೂ ತೋರಿಸುವುದು ಅಪರೂಪ. ಕೇಸುಗಳಿಲ್ಲ ಅಂತಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಿಗೆ ಪೋಕ್ಸೋ ಕೋರ್ಟು ಇದೆ, ಅಪರಾಧದ ಆರೋಪ ಹೊತ್ತ ಮಕ್ಕಳಿಗೆ ಬಾಲ ನ್ಯಾಯ ಮಂಡಳಿ ಇದೆ, ಆಸರೆ ಬೇಕಾದ ಮಕ್ಕಳಿಗೆ ಮಕ್ಕಳ ಕಲ್ಯಾಣ ಸಮಿತಿ ಇದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಮಗು ಯಾರ ಹತ್ತಿರ ಇರಬೇಕು ಅನ್ನೋ ಜಗಳ ಇದ್ದೇ ಇದೆ. ಇಷ್ಟೆಲ್ಲ ಇದ್ದೂ ಇದನ್ನೇ ಕಸುಬು ಮಾಡಿಕೊಂಡವರು ಯಾಕೆ ಕಮ್ಮಿ?

ಹಿಂದಿನದನ್ನು ಕೆದಕಿದರೆ ಒಂದು ವಿಚಿತ್ರ ಗೊತ್ತಾಗುತ್ತದೆ. ಮಕ್ಕಳ ಕೋರ್ಟನ್ನು ಕಟ್ಟಿದವರೇ ವಕೀಲರನ್ನು ಬಾಗಿಲ ಆಚೆ ನಿಲ್ಲಿಸಿದ್ದರು. ಅದೂ ಒಳ್ಳೆಯ ಉದ್ದೇಶದಿಂದ.

1899ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಮಕ್ಕಳಿಗೆಂದೇ ಮೊದಲ ಪ್ರತ್ಯೇಕ ಕೋರ್ಟು ಶುರುವಾಯಿತು. ಬಡವರ, ವಲಸಿಗರ ನೆರವಿಗೆ ನಿಂತಿದ್ದ ಅಲ್ಲಿನ ಹಲ್ ಹೌಸ್‌ನ ಜೇನ್ ಆಡಮ್ಸ್, ಜೂಲಿಯಾ ಲ್ಯಾಥ್ರೋಪ್ ಮತ್ತವರ ಜೊತೆಗಾರರು ಇದಕ್ಕಾಗಿ ಓಡಾಡಿದ್ದರು. ಅಲ್ಲಿಯ ತನಕ ಹತ್ತು ಹನ್ನೆರಡು ವರ್ಷದ ಹುಡುಗರನ್ನೂ ದೊಡ್ಡವರ ಜೈಲಿಗೇ ನೂಕುತ್ತಿದ್ದರು. ಹೊಸ ಕೋರ್ಟಿನ ಲೆಕ್ಕಾಚಾರ ಬೇರೆ. ನ್ಯಾಯಾಧೀಶರು ತಂದೆಯ ಸ್ಥಾನದಲ್ಲಿ ಕೂತು ಮಗುವಿನ ಜೊತೆ ಮಾತಾಡುತ್ತಾರೆ, ಅದಕ್ಕೆ ಏನು ಬೇಕೋ ನೋಡುತ್ತಾರೆ. ಮನೆಯ ಮಾತುಕತೆಯಂಥ ವ್ಯವಹಾರದಲ್ಲಿ ವಾದ, ಪಾಟೀ ಸವಾಲು, ಕರಿಕೋಟು ಇವೆಲ್ಲ ಯಾಕೆ? ಈ ಆಲೋಚನೆ ಎಲ್ಲರಿಗೂ ಹಿಡಿಸಿತು. ಇಪ್ಪತ್ತೈದು ವರ್ಷದಲ್ಲಿ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇಂಥ ಕೋರ್ಟುಗಳು ಬಂದವು.

ನಮ್ಮಲ್ಲೂ ಅದೇ ಗಾಳಿ ಬೀಸಿತು. 1920ರಲ್ಲಿ ಮದ್ರಾಸ್, 1922ರಲ್ಲಿ ಬಂಗಾಳ, 1924ರಲ್ಲಿ ಬಾಂಬೆ ಪ್ರಾಂತ್ಯಗಳು ಮಕ್ಕಳ ಕಾಯ್ದೆ ತಂದವು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರಾಡಳಿತ ಪ್ರದೇಶಗಳಿಗೆ ಅಂತ ಸಂಸತ್ತು ಮಾಡಿದ 1960ರ ಮಕ್ಕಳ ಕಾಯ್ದೆಯಲ್ಲಿ, ವಿಶೇಷ ಅನುಮತಿ ಇಲ್ಲದೆ ವಕೀಲರು ಹಾಜರಾಗುವಂತಿಲ್ಲ ಅಂತಲೇ ಬರೆದಿತ್ತು. ಮಗುವಿನ ಪರ ಎಲ್ಲರೂ ಇರುವಾಗ ಮಗುವಿಗೆ ಪ್ರತ್ಯೇಕವಾಗಿ ಒಬ್ಬ ವಕೀಲ ಯಾಕೆ ಅನ್ನೋ ನಂಬಿಕೆ ಅದು. ಆ ನಂಬಿಕೆ ಎಷ್ಟು ದುಬಾರಿ ಅನ್ನೋದನ್ನು ಅಮೆರಿಕದ ಒಂದು ಸಣ್ಣ ಊರಿನ ಕೇಸು ತೋರಿಸಿಕೊಟ್ಟಿತು.

ಅರಿಜೋನಾ ರಾಜ್ಯದ ಗ್ಲೋಬ್ ಅನ್ನೋ ಊರು, 1964ರ ಜೂನ್ 8. ಹದಿನೈದು ವರ್ಷದ ಜೆರಾಲ್ಡ್ ಗಾಲ್ಟ್ ಮತ್ತು ಅವನ ಸ್ನೇಹಿತ ಪಕ್ಕದ ಮನೆಯ ಹೆಂಗಸಿಗೆ ಫೋನ್ ಮಾಡಿ ಅಸಭ್ಯವಾಗಿ ಮಾತಾಡಿದರು ಅನ್ನೋದು ದೂರು. ಬೆಳಿಗ್ಗೆ ಹತ್ತರ ಹೊತ್ತಿಗೆ ಪೊಲೀಸರು ಹುಡುಗನನ್ನು ಕರೆದುಕೊಂಡು ಹೋದರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಒಂದು ಚೀಟಿಯನ್ನೂ ಬಿಟ್ಟಿರಲಿಲ್ಲ. ಸಂಜೆ ಆರಕ್ಕೆ ಅಮ್ಮ ಬಂದು, ಮಗ ಕಾಣದೆ ಅವನ ಅಣ್ಣನನ್ನು ಹುಡುಕಲು ಕಳಿಸಿದಾಗಲೇ ವಿಷಯ ತಿಳಿದದ್ದು. ಮರುದಿನ ನ್ಯಾಯಾಧೀಶರ ಕೊಠಡಿಯಲ್ಲಿ ವಿಚಾರಣೆ. ಯಾರಿಂದಲೂ ಪ್ರಮಾಣ ಮಾಡಿಸಲಿಲ್ಲ, ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. ದೂರು ಕೊಟ್ಟ ಹೆಂಗಸು ಅವತ್ತೂ ಬರಲಿಲ್ಲ, ವಾರದ ನಂತರದ ಎರಡನೇ ವಿಚಾರಣೆಗೂ ಬರಲಿಲ್ಲ. ಆಕೆಯನ್ನು ಕರೆಸಿ ಅಂತ ತಾಯಿ ಕೇಳಿದರು. ಆಕೆ ಬರಬೇಕಾದ ಅಗತ್ಯವೇ ಇಲ್ಲ ಅಂತ ನ್ಯಾಯಾಧೀಶರು ಹೇಳಿಬಿಟ್ಟರು.

ಹುಡುಗನಿಗೆ 21 ತುಂಬುವವರೆಗೆ, ಅಂದರೆ ಹೆಚ್ಚೂಕಡಿಮೆ ಆರು ವರ್ಷ, ಸರ್ಕಾರಿ ಸುಧಾರಣಾ ಶಾಲೆಯಲ್ಲಿ ಇರಬೇಕೆಂದು ಆದೇಶವಾಯಿತು. ಇದೇ ತಪ್ಪನ್ನು ದೊಡ್ಡವರು ಮಾಡಿದ್ದರೆ 5ರಿಂದ 50 ಡಾಲರ್ ದಂಡ, ಇಲ್ಲವೇ ಹೆಚ್ಚೆಂದರೆ ಎರಡು ತಿಂಗಳ ಸಜೆ! ಮಕ್ಕಳ ಕೇಸುಗಳಲ್ಲಿ ಮೇಲ್ಮನವಿಗೂ ಆ ರಾಜ್ಯದಲ್ಲಿ ಅವಕಾಶ ಇರಲಿಲ್ಲ. ಅಮೇಲಿಯಾ ಲೂಯಿಸ್ ಅನ್ನೋ ವಕೀಲೆ, ಅಕ್ರಮ ಬಂಧನದಿಂದ ಬಿಡಿಸಲು ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿಯ ದಾರಿ ಹಿಡಿದರು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಮೇಷ್ಟ್ರು ನಾರ್ಮನ್ ಡಾರ್ಸೆನ್. ಮೇಷ್ಟ್ರೊಬ್ಬರು ಕೋರ್ಟಿನಲ್ಲಿ ನಿಂತು ವಾದಿಸಿದರು ಅನ್ನೋದನ್ನು ನೆನಪಿಡಿ. 1967ರ ಮೇ 15ರಂದು ತೀರ್ಪು ಬಂತು. ಹುಡುಗ ಅನ್ನೋ ಕಾರಣಕ್ಕೆ ಕಾಟಾಚಾರದ ವಿಚಾರಣೆ ನಡೆಸಲು ಸಂವಿಧಾನದಲ್ಲಿ ಜಾಗ ಇಲ್ಲ ಅಂತ ನ್ಯಾಯಮೂರ್ತಿ ಏಬ್ ಫೋರ್ಟಸ್ ಬರೆದರು. ಆರೋಪ ಏನೆಂದು ಮೊದಲೇ ತಿಳಿಸಬೇಕು, ವಕೀಲರು ಇರಬೇಕು, ದೂರು ಕೊಟ್ಟವರನ್ನು ಪ್ರಶ್ನಿಸಲು ಬಿಡಬೇಕು, ತನ್ನ ವಿರುದ್ಧ ತಾನೇ ಹೇಳಿಕೆ ಕೊಡುವಂತೆ ಮಗುವನ್ನು ಒತ್ತಾಯಿಸಬಾರದು.

ತೀರ್ಪೇನೋ ಬಂತು, ವಕೀಲರು ಎಲ್ಲಿಂದ ಬರಬೇಕು? ಮಗುವನ್ನು ಹೇಗೆ ಮಾತಾಡಿಸಬೇಕು ಅನ್ನೋದನ್ನು ಕಾನೂನು ಕಾಲೇಜುಗಳಲ್ಲಿ ಕಲಿಸುತ್ತಿರಲಿಲ್ಲ. ಅಲ್ಲಿ ಹಳೆಯ ತೀರ್ಪುಗಳನ್ನು ಓದಿ ಚರ್ಚಿಸುವುದೇ ಪಾಠ. ವೈದ್ಯ ವಿದ್ಯಾರ್ಥಿ ವಾರ್ಡಿನಲ್ಲಿ ರೋಗಿಯ ಮುಂದೆ ನಿಂತು ಕಲಿಯುವ ಹಾಗೆ ಕಾನೂನು ವಿದ್ಯಾರ್ಥಿ ಯಾಕೆ ಕಲಿಯಬಾರದು ಅಂತ ಅಮೆರಿಕದ ಕಾನೂನು ಚಿಂತಕ ಜೆರೋಮ್ ಫ್ರಾಂಕ್ 1933ರಲ್ಲೇ ಕೇಳಿದ್ದರು. ಆಗ ಕಿವಿಗೊಟ್ಟವರು ಕಮ್ಮಿ. 1968ರಲ್ಲಿ ಫೋರ್ಡ್ ಫೌಂಡೇಶನ್ ದುಡ್ಡಿನಿಂದ ಒಂದು ಮಂಡಳಿ ಹುಟ್ಟಿಕೊಂಡಿತು. ಅದರ ನೆರವಿನಿಂದ ಕಾಲೇಜು ಕಾಲೇಜುಗಳಲ್ಲಿ ಕಾನೂನು ಕ್ಲಿನಿಕ್‌ಗಳು ತೆರೆದವು. ಇವು ಹೆಸರಿಗೆ ಮಾತ್ರ ಇದ್ದ ಸಲಹಾ ಕೇಂದ್ರಗಳಲ್ಲ. ಕೊನೆಯ ವರ್ಷದ ವಿದ್ಯಾರ್ಥಿ ಮೇಷ್ಟ್ರ ಉಸ್ತುವಾರಿಯಲ್ಲಿ ನಿಜವಾದ ಕಕ್ಷಿದಾರರ ಪರ ನಿಜವಾದ ಕೋರ್ಟಿನಲ್ಲಿ ಎದ್ದು ನಿಲ್ಲಬಹುದು ಅಂತ ರಾಜ್ಯಗಳು ನಿಯಮ ಮಾಡಿಕೊಟ್ಟವು.

ಅದೇ ಕಾಲಕ್ಕೆ, 1974ರಲ್ಲಿ, ಮನೆಯಲ್ಲೇ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಬಗ್ಗೆ ಅಮೆರಿಕದ ಕೇಂದ್ರ ಸರ್ಕಾರ ಒಂದು ಕಾನೂನು ತಂದಿತು. ಅನುದಾನ ಬೇಕಾದ ರಾಜ್ಯಗಳು ಇಂಥ ಪ್ರತಿ ಕೇಸಿನಲ್ಲೂ ಮಗುವಿನ ಪರ ಒಬ್ಬ ಪ್ರತಿನಿಧಿಯನ್ನು ನೇಮಿಸಬೇಕು ಅನ್ನೋ ಷರತ್ತು ಅದರಲ್ಲಿತ್ತು. ಆ ಪ್ರತಿನಿಧಿ ವಕೀಲನೇ ಆಗಿರಬೇಕು ಅಂತೇನೂ ಇರಲಿಲ್ಲ, ಆತ ಏನು ಮಾಡಬೇಕು ಅನ್ನೋದೂ ಸ್ಪಷ್ಟವಿರಲಿಲ್ಲ. ಆ ಖಾಲಿ ಜಾಗದಲ್ಲೇ ಒಂದು ಹೊಸ ಕಸುಬು ಬೆಳೆಯಿತು.

ಆ ಕಸುಬಿಗೆ ಉದಾಹರಣೆ ಕೊಡು ಅಂದರೆ ನಾನು ಡೊನಾಲ್ಡ್ ಡುಕೆಟ್ ಹೆಸರು ಹೇಳುತ್ತೇನೆ. ಅವರು ವಕೀಲರಾಗುವ ಮೊದಲು ಸಮಾಜ ಕಾರ್ಯಕರ್ತರು. ಮಕ್ಕಳ ರಕ್ಷಣೆ, ಸಾಕುಮನೆಗಳ ಕೆಲಸ ಮಾಡುತ್ತಾ ಮಗುವನ್ನು ಮನೆಯಿಂದ ಬಿಡಿಸಿ ತರುವುದು ಅಂದರೆ ಏನು ಅಂತ ನೋಡಿದ್ದವರು. ಆಮೇಲೆ ಕಾನೂನು ಓದಿ, 1976ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಪರ ಕಾನೂನು ಕ್ಲಿನಿಕ್ ಶುರುಮಾಡಿದರು. ಈ ಬಗೆಯ ಕ್ಲಿನಿಕ್‌ಗಳಲ್ಲಿ ಅಮೆರಿಕದಲ್ಲೇ ಹಳೆಯದು ಅದು. ನಿವೃತ್ತಿಯ ತನಕ ದಶಕಗಟ್ಟಲೆ ಅದನ್ನೇ ನಡೆಸಿದರು.

ನನಗೆ ಜಾಸ್ತಿ ಹಿಡಿಸಿದ್ದು ಆ ಕ್ಲಿನಿಕ್‌ನ ಏರ್ಪಾಡು. ವಿದ್ಯಾರ್ಥಿಗಳು ಒಂದು ಜಿಲ್ಲೆಯಲ್ಲಿ ಮಗುವಿನ ಪರ, ಇನ್ನೊಂದರಲ್ಲಿ ಅಪ್ಪ ಅಮ್ಮನ ಪರ, ಮತ್ತೊಂದರಲ್ಲಿ ಮಗುವನ್ನು ವಶಕ್ಕೆ ತೆಗೆದುಕೊಂಡ ಸರ್ಕಾರಿ ಇಲಾಖೆಯ ಪರ ಕೇಸು ನಡೆಸುತ್ತಾರೆ. ಇವತ್ತು ‘ಈ ತಾಯಿ ಮಗುವನ್ನು ನೋಡಿಕೊಳ್ಳಲಾರಳು’ ಅಂತ ವಾದಿಸಿದ ತರಗತಿಯೇ ನಾಳೆ ಇನ್ನೊಬ್ಬ ತಾಯಿಯ ಪಕ್ಕ ಕೂತು, ಆಕೆ ಎರಡು ಬಸ್ ಬದಲಾಯಿಸಿ ಭೇಟಿಗೆ ಬರಬೇಕಾದ ಕಷ್ಟವನ್ನು ಕೇಳಬೇಕಾಗಬಹುದು. ಜೊತೆಗೆ ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯದವರು ಪಾಠಕ್ಕೆ ಬರುತ್ತಾರೆ. ಒಂದೇ ಕಡೆ ನಿಂತು ಕಲಿತವನಿಗೆ ತಾನು ನಿಂತದ್ದೇ ಸರಿ ಅನ್ನಿಸಿಬಿಡುತ್ತೆ, ಅಲ್ವಾ? ಮಕ್ಕಳ ಕೇಸಿನಲ್ಲಿ ಆ ಅಪಾಯ ಇನ್ನೂ ಜಾಸ್ತಿ, ಯಾಕೆಂದರೆ ಕಕ್ಷಿದಾರ ಎದುರು ಮಾತಾಡುವುದಿಲ್ಲ.

ಇಲ್ಲೇ ಆ ದೇಶದ ಮಕ್ಕಳ ವಕೀಲರು ಇವತ್ತಿಗೂ ಬಗೆಹರಿಸಿಕೊಳ್ಳದ ಜಗಳ ಶುರುವಾಗುವುದು. ಒಂಬತ್ತು ವರ್ಷದ ಹುಡುಗಿ ‘ನಾನು ಮನೆಗೆ ಹೋಗಬೇಕು’ ಅನ್ನುತ್ತಾಳೆ. ಮನೆಯಲ್ಲಿ ಹೊಡೆಯುವ ಅಪ್ಪ ಇದ್ದಾನೆ. ಅವಳ ವಕೀಲ ಕೋರ್ಟಿಗೆ ಏನು ಹೇಳಬೇಕು? ಅವಳು ಹೇಳಿದ್ದನ್ನೋ, ಅವಳಿಗೆ ಒಳ್ಳೆಯದು ಅಂತ ತನಗೆ ತೋರಿದ್ದನ್ನೋ? ಮೊದಮೊದಲು ಎರಡನೆಯದೇ ರೂಢಿ. 1995ರಲ್ಲಿ ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಸೇರಿದ ವಕೀಲರು, ಮೇಷ್ಟ್ರುಗಳು ಮೊದಲನೆಯದರ ಕಡೆ ವಾಲಿದರು. ಮಾತಾಡಬಲ್ಲ ಮಗುವಿನ ವಕೀಲ ದೊಡ್ಡವರ ವಕೀಲನಂತೆಯೇ ಕಕ್ಷಿದಾರ ಹೇಳಿದ್ದನ್ನು ಕೇಳಬೇಕು ಅನ್ನೋದು ಅವರ ನಿಲುವು. ಮಗುವಿನ ಹಿತದ ಹೆಸರಲ್ಲಿ ವಕೀಲ ತನ್ನ ಮನೆಯ, ತನ್ನ ವರ್ಗದ ಅಭಿಪ್ರಾಯವನ್ನೇ ಕೋರ್ಟಿನಲ್ಲಿ ತುರುಕುತ್ತಾನೆ ಅಂತ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಲಿನಿಕ್ ಮೇಷ್ಟ್ರು ಮಾರ್ಟಿನ್ ಗುಗೆನ್‌ಹೈಮ್ ವರ್ಷಗಟ್ಟಲೆ ವಾದಿಸಿದ್ದಾರೆ. ಮಿಷಿಗನ್ ರಾಜ್ಯ 1998ರಲ್ಲಿ ನಡುದಾರಿ ಹಿಡಿಯಿತು. ವಕೀಲ ಮಗುವಿನ ಹಿತವನ್ನೇ ನೋಡಲಿ, ಆದರೆ ಮಗುವಿನ ಇಷ್ಟ ಬೇರೆ ಇದ್ದರೆ ಅದನ್ನು ಮುಚ್ಚಿಡದೆ ಕೋರ್ಟಿಗೆ ಹೇಳಲಿ, ಬೇಕಾದರೆ ಕೋರ್ಟು ಮಗುವಿಗೆ ಇನ್ನೊಬ್ಬ ವಕೀಲನನ್ನು ಕೊಡಲಿ. ನನ್ನ ಮಟ್ಟಿಗೆ ಗುಗೆನ್‌ಹೈಮ್ ಮಾತಿನಲ್ಲಿ ಹುರುಳಿದೆ. ಮಗುವಿನ ಹಿತ ಹೇಳಲು ಕೋರ್ಟಿನಲ್ಲಿ ಹತ್ತು ಜನ ಇರುತ್ತಾರೆ.

ಇನ್ನು ನಮ್ಮ ಕಡೆಯ ಕತೆ. ಇಲ್ಲಿ ಎಲ್ಲವೂ ಉಲ್ಟಾ ನಡೆಯಿತು. ಅಲ್ಲಿ ಕಸುಬು ಬೆಳೆದು ಕಾನೂನನ್ನು ತಿದ್ದಿತು. ಇಲ್ಲಿ ಕಾನೂನು ಒಂದರ ಹಿಂದೊಂದು ಬಂದವು, ಕಸುಬು ಹಿಂದೆ ಬಿತ್ತು.

ಪತ್ರಕರ್ತೆ ಶೀಲಾ ಬಾರ್ಸೆ ಜೈಲುಗಳಲ್ಲಿ ಕೊಳೆಯುತ್ತಿದ್ದ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟಿನ ಕದ ತಟ್ಟಿದರು, 1986ರಲ್ಲಿ ತೀರ್ಪು ಬಂತು. ಅದೇ ವರ್ಷ ಜಮ್ಮು-ಕಾಶ್ಮೀರ ಬಿಟ್ಟು ದೇಶಕ್ಕೆಲ್ಲ ಒಂದೇ ಬಾಲ ನ್ಯಾಯ ಕಾಯ್ದೆ ಆಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, ಆದಾಯ ಎಷ್ಟೇ ಇರಲಿ, ಪ್ರತಿ ಮಗುವಿಗೂ ಉಚಿತ ವಕೀಲರ ಹಕ್ಕು ಕೊಟ್ಟಿತು. 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. ಮಗುವಿನ ಮಾತು ಕೇಳಬೇಕು ಅನ್ನೋದು ಅದರ 12ನೇ ವಿಧಿ. ಬಾಲ ನ್ಯಾಯ ಕಾಯ್ದೆ 2000ದಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಹೊಸದಾಯಿತು. ನಡುವೆ 2012ರಲ್ಲಿ ಪೋಕ್ಸೋ ಬಂತು.

ಪೋಕ್ಸೋ ಕೋರ್ಟಿನ ಒಳಗೆ ಮಗುವಿನ ಸಾಕ್ಷ್ಯ ಹೇಗೆ ನಡೆಯಬೇಕು ಅಂತ ಕಾಯ್ದೆಯಲ್ಲಿ ವಿವರವಾಗಿ ಬರೆದಿದ್ದಾರೆ. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಹಾಗಾಗಿ ಪರದೆ, ಇಲ್ಲವೇ ವಿಡಿಯೋ. ಆರೋಪಿಯ ವಕೀಲ ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ತಿಳಿಸಬೇಕು, ನ್ಯಾಯಾಧೀಶರು ಮಗುವನ್ನು ಕೇಳಬೇಕು. ಪ್ರಾಸಿಕ್ಯೂಟರ್‌ಗೂ ಇದೇ ನಿಯಮ. ಹಾಗಾದರೆ ಮಗುವಿನ ಸ್ವಂತ ವಕೀಲ ಎಲ್ಲಿ? 40ನೇ ಸೆಕ್ಷನ್ ಪ್ರಕಾರ ಮನೆಯವರು ತಮಗೆ ಬೇಕಾದವರನ್ನು ಇಟ್ಟುಕೊಳ್ಳಬಹುದು, ಆಗದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ. ಕೇಸು ನಡೆಸುವುದು ಸರ್ಕಾರದ ಪ್ರಾಸಿಕ್ಯೂಟರೇ, ಇವರು ನೆರವಾಗಬಹುದಷ್ಟೇ. ಆದರೂ ಕೆಲಸ ಕಮ್ಮಿಯೇನಿಲ್ಲ. ಮಧ್ಯಂತರ ಪರಿಹಾರಕ್ಕೆ ಅರ್ಜಿ ಹಾಕುವುದು, ಜಾಮೀನಿನ ದಿನ ಮನೆಯವರ ಭಯವನ್ನು ಕೋರ್ಟಿಗೆ ಹೇಳುವುದು, ಮಗುವನ್ನು ಮೇಲಿಂದ ಮೇಲೆ ಕರೆಸಿದರೆ ತಕರಾರು ತೆಗೆಯುವುದು. ಇವನ್ನೆಲ್ಲ ಯಾರೂ ಮಾಡದಿದ್ದರೂ ಕೇಸು ನಿಲ್ಲುವುದಿಲ್ಲ. ಅದಕ್ಕೇ ಇವು ಸುಲಭವಾಗಿ ಬಿಟ್ಟುಹೋಗುತ್ತವೆ.

ಬಾಲ ನ್ಯಾಯ ಮಂಡಳಿಯಲ್ಲಿ ಒತ್ತಡ ಇನ್ನೊಂದು ಥರದ್ದು. 2015ರ ಕಾಯ್ದೆಯ ಪ್ರಕಾರ 16ರಿಂದ 18 ವರ್ಷದ ಹುಡುಗನ ಮೇಲೆ ಘೋರ ಅಪರಾಧದ ಆರೋಪ ಇದ್ದರೆ, ಮೂರು ತಿಂಗಳೊಳಗೆ ಮಂಡಳಿ ಅವನ ಮನಸ್ಥಿತಿಯ ಪ್ರಾಥಮಿಕ ಅಂದಾಜು ಮಾಡಬೇಕು. ಅವನನ್ನು ದೊಡ್ಡವನಂತೆ ವಿಚಾರಣೆ ಮಾಡಬೇಕಾ ಅನ್ನೋ ದಾರಿ ಅಲ್ಲೇ ಕವಲೊಡೆಯುತ್ತದೆ. ಮನಶ್ಶಾಸ್ತ್ರಜ್ಞರ ವರದಿಯನ್ನು ಓದಿ ಪ್ರಶ್ನಿಸಬಲ್ಲ ವಕೀಲ ಅಲ್ಲಿ ಇರಬೇಕು. ಜಾಮೀನು ಅರ್ಜಿ ಬರೆದು ರೂಢಿಯಾದ ಕೈಗೆ ಇದು ಹೊಸ ಕೆಲಸ.

ಇದನ್ನು ಕಲಿಸಬೇಕಾದ ಕಾಲೇಜುಗಳ ವಿಷಯಕ್ಕೆ ಬಂದರೆ ಬೆಂಗಳೂರಿನ ಹೆಸರು ಹೇಳಲೇಬೇಕು. ಎನ್.ಆರ್. ಮಾಧವ ಮೆನನ್ ದೆಹಲಿ ವಿಶ್ವವಿದ್ಯಾಲಯದಲ್ಲಿ ಇದ್ದಾಗಲೇ ವಿದ್ಯಾರ್ಥಿಗಳನ್ನು ಕಾನೂನು ನೆರವಿನ ಕೆಲಸಕ್ಕೆ ಹಚ್ಚಿದ್ದರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕಟ್ಟಿ 1988ರಲ್ಲಿ ಮೊದಲ ತಂಡಕ್ಕೆ ಪಾಠ ಶುರುಮಾಡಿದಾಗ ಅದೇ ಆಲೋಚನೆಯನ್ನು ಜೊತೆಗೆ ತಂದರು. 1996ರಲ್ಲಿ ಅಲ್ಲಿ ಮಕ್ಕಳು ಮತ್ತು ಕಾನೂನಿನ ಬಗ್ಗೆಯೇ ಒಂದು ಕೇಂದ್ರ ಹುಟ್ಟಿತು. ಅದು ದೆಹಲಿ, ಅಸ್ಸಾಂ, ಮಹಾರಾಷ್ಟ್ರ, ಆಂಧ್ರ ಮತ್ತು ಕರ್ನಾಟಕದ ಪೋಕ್ಸೋ ಕೋರ್ಟುಗಳನ್ನು ಅಧ್ಯಯನ ಮಾಡಿ ವರದಿ ಕೊಟ್ಟಿದೆ. ದೆಹಲಿಯಲ್ಲಿ ಪ್ರೊ. ವೇದ್ ಕುಮಾರಿ ದಶಕಗಳ ಕಾಲ ಬಾಲ ನ್ಯಾಯದ ಕಾನೂನು ಕಲಿಸಿದರು, ಅದರ ಬಗ್ಗೆ ಬರೆದರು. ಅಂದರೆ ಮೇಷ್ಟ್ರುಗಳು ಇಲ್ಲ ಅಂತಲ್ಲ. ಅವರ ಕೈ ಕಟ್ಟಿದೆ.

ಹೇಗೆ ಅಂದರೆ, ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರುವವರು ವಕೀಲಿಕೆ ಮಾಡುವಂತಿಲ್ಲ ಅನ್ನೋದು ವಕೀಲಿ ವೃತ್ತಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಮಾತು. ಕೋರ್ಟಿಗೆ ಹೋಗುವ ವಕೀಲರು ಪಾಠ ಮಾಡಬಹುದು, ಆದರೆ ದಿನಕ್ಕೆ ಮೂರು ಗಂಟೆ ಮೀರುವಂತಿಲ್ಲ. ಇನ್ನು ವಿದ್ಯಾರ್ಥಿ ಸನ್ನದು ಸಿಗುವ ತನಕ ಕೋರ್ಟಿನಲ್ಲಿ ಬಾಯಿ ಬಿಡುವಂತಿಲ್ಲ. ಬೆಳಿಗ್ಗೆ ಬಾಲ ನ್ಯಾಯ ಮಂಡಳಿಯಲ್ಲಿ ವಿದ್ಯಾರ್ಥಿಯ ಪಕ್ಕ ನಿಂತು, ಮಧ್ಯಾಹ್ನ ಅದೇ ಕೇಸಿನ ಮೇಲೆ ತರಗತಿ ನಡೆಸುವ ಡುಕೆಟ್ ಥರದವರು ನಮ್ಮಲ್ಲಿ ಹುಟ್ಟುವುದಾದರೂ ಹೇಗೆ? ಬಾರ್ ಕೌನ್ಸಿಲ್ 1997ರಲ್ಲಿ ಪ್ರಾಯೋಗಿಕ ವಿಷಯಗಳನ್ನು ಕಡ್ಡಾಯ ಮಾಡಿತು, ನಿಜ. ಆ ಪತ್ರಿಕೆಗಳು ಬಹಳಷ್ಟು ಕಾಲೇಜುಗಳಲ್ಲಿ ಏನಾಗಿವೆ ಅನ್ನೋದು ಕಾನೂನು ಓದಿದವರಿಗೆ ಗೊತ್ತು. ಅಣಕು ನ್ಯಾಯಾಲಯ, ಒಂದು ಲೋಕ ಅದಾಲತ್ ಭೇಟಿ, ಹಳ್ಳಿಯಲ್ಲೊಂದು ಕಾನೂನು ಅರಿವು ಶಿಬಿರ, ಬ್ಯಾನರ್ ಹಿಡಿದು ಫೋಟೋ, ಕೊನೆಗೆ ರೆಕಾರ್ಡ್ ಪುಸ್ತಕ. ಸೀನಿಯರ್‌ದು ನೋಡಿ ಬರೆದರೂ ನಡೆಯುತ್ತೆ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 1961ರ ವಕೀಲರ ಕಾಯ್ದೆಯಲ್ಲಿ 32ನೇ ಸೆಕ್ಷನ್ ಅಂತ ಒಂದಿದೆ. ವಕೀಲರಲ್ಲದವರಿಗೂ ಒಂದು ನಿರ್ದಿಷ್ಟ ಕೇಸಿನಲ್ಲಿ ಹಾಜರಾಗಲು ಕೋರ್ಟು ಅಥವಾ ಆ ಕೇಸು ಕೇಳುವ ಪ್ರಾಧಿಕಾರ ಅನುಮತಿ ಕೊಡಬಹುದು ಅನ್ನುತ್ತದೆ ಅದು. ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ, ಅಂದರೆ ಪ್ಯಾನಲ್ ವಕೀಲರೊಬ್ಬರು ಕೊನೆಯ ವರ್ಷದ ವಿದ್ಯಾರ್ಥಿಯನ್ನು ಜೊತೆಗಿಟ್ಟುಕೊಂಡು, ಒಂದೇ ಒಂದು ಮಗುವಿನ ಕೇಸಿಗೆ ಹೀಗೆ ಅನುಮತಿ ಕೇಳಬಹುದು. ಪ್ಯಾನಲ್ ವಕೀಲರಿಗೆ ಇಲ್ಲದ ಪುರಸೊತ್ತು ವಿದ್ಯಾರ್ಥಿಗೆ ಇರುತ್ತದೆ. ವಿಚಾರಣೆ ಮುಗಿಯುವ ತನಕ ಮಕ್ಕಳನ್ನು ಇಡುವ ವೀಕ್ಷಣಾಲಯಕ್ಕೆ ಹೋಗಿ ಹುಡುಗನ ಹತ್ತಿರ ಕೂರುವುದು, ಶಾಲೆಯ ದಾಖಲೆ ತರುವುದು, ಮನೆಯವರನ್ನು ಕಂಡು ಬರುವುದು, ಇವೆಲ್ಲ ಅವನ ಕೈಲಿ ಆಗುವ ಕೆಲಸಗಳೇ. ಮಗುವಿನ ಗುರುತು ಹೊರಗೆ ಬಿಟ್ಟುಕೊಟ್ಟರೆ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಶಿಕ್ಷೆ ಇದೆ ಅನ್ನೋದನ್ನು ಮೊದಲ ದಿನವೇ ಅವನಿಗೆ ಹೇಳಿಕೊಡಬೇಕು. ಮೇಷ್ಟ್ರಿಗೂ ಬಾರ್ ಕೌನ್ಸಿಲ್ ಇಷ್ಟೇ ಸಡಿಲ ಕೊಟ್ಟರೆ ಸಾಕು, ಕ್ಲಿನಿಕ್‌ನ ಕೇಸುಗಳಿಗೆ ಮಾತ್ರ, ಫೀಸು ತೆಗೆದುಕೊಳ್ಳದೆ, ಕಾನೂನು ಸೇವಾ ಪ್ರಾಧಿಕಾರದ ಮೂಲಕ.