ಸಣ್ಣ ಬ್ಯಾಟರಿ, ಉದ್ದದ ದಾರಿ

ಕಾರು ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಓಡಿಸಿ ಅಳೆಯುವುದು ನನ್ನ ಕೆಲಸ. ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರು ಬ್ಯಾಟರಿ ಎಷ್ಟು ದೊಡ್ಡದು ಅಂತ ಕೇಳುತ್ತಾರೆ. ಕಾರಿನ ಆಕಾರದ ಬಗ್ಗೆ ಕೇಳುವವರು ತೀರಾ ಕಡಿಮೆ. ಅವರಿಗೆ ನಾನು ಚೀನಾದ ಒಂದು ಕಾರನ್ನು ತೋರಿಸುತ್ತೇನೆ.

ಗುವಾಂಗ್‌ಝೌನ ಎಕ್ಸ್‌ಪೆಂಗ್ ಕಂಪನಿ 2024ರ ಆಗಸ್ಟ್‌ನಲ್ಲಿ ಮೋನಾ ಎಂ03 ಎಂಬ ಸೆಡಾನ್ ಬಿಟ್ಟಿತು. ಟ್ಯಾಕ್ಸಿ ಆ್ಯಪ್ ನಡೆಸುವ ದೀದಿ ಕಂಪನಿಯ ಕಾರು ಯೋಜನೆಯನ್ನು ಹಿಂದಿನ ವರ್ಷ ಕೊಂಡಿದ್ದರು. ಅದರಿಂದ ಬಂದ ಕಾರು ಇದು. ಆರಂಭದ ಬೆಲೆ 1,19,800 ಯುವಾನ್, ಆಗಿನ ಲೆಕ್ಕದಲ್ಲಿ ಸುಮಾರು 14 ಲಕ್ಷ ರೂಪಾಯಿ. ಕಡಿಮೆ ಬೆಲೆಯ ಮಾದರಿಯ ಬ್ಯಾಟರಿ ಹಿಡಿಯುವುದು 51.8 ಯೂನಿಟ್ ಕರೆಂಟ್, ಕಂಪನಿ ಹೇಳುವ ರೇಂಜ್, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ, 515 ಕಿ.ಮೀ. ಅಂದರೆ 100 ಕಿ.ಮೀ.ಗೆ ಹತ್ತೇ ಯೂನಿಟ್!

ಇದರ ಹಿಂದಿರುವ ಸಂಖ್ಯೆ 0.194. ಗಾಳಿ ಈ ಆಕಾರವನ್ನು ಎಷ್ಟು ತಡೆಯುತ್ತದೆ ಎನ್ನುವುದರ ಅಳತೆ ಅದು. ಹೊಳೆಯಲ್ಲಿ ದುಂಡನೆಯ ಹರಿಗೋಲನ್ನೂ ಉದ್ದನೆಯ ದೋಣಿಯನ್ನೂ ಹುಟ್ಟು ಹಾಕಿ ನೋಡಿದವರಿಗೆ ವಿವರಿಸುವುದೇ ಬೇಡ. ಕಾರಿನಲ್ಲಿ ಮೂತಿಗಿಂತ ಬಾಲ ಮುಖ್ಯ. ಹಿಂದೆ ಗಾಳಿ ಸುಳಿ ಕಟ್ಟಿದರೆ ಅದು ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಎಂ03ರ ಚಾವಣಿ ನಿಧಾನವಾಗಿ ಇಳಿದು ಡಿಕ್ಕಿಗೆ ಸೇರುವುದು ಅದಕ್ಕೇ. ಮುಂದಿನ ಗ್ರಿಲ್ ಕೂಡ ಬೇಕಾದಾಗ ಮಾತ್ರ ತೆರೆದುಕೊಳ್ಳುತ್ತದೆ.

ಲೆಕ್ಕ ಹಾಕೋಣ. ಮುಂಭಾಗದ ವಿಸ್ತೀರ್ಣ 2.2 ಚದರ ಮೀಟರ್ ಎಂದಿಟ್ಟುಕೊಳ್ಳಿ, ವೇಗ ಗಂಟೆಗೆ 100 ಕಿ.ಮೀ. ಆ ಸಂಖ್ಯೆ 0.30 ಇರುವ ಕಾರಿಗೆ ಗಾಳಿಯನ್ನು ತಳ್ಳುವುದಕ್ಕೇ ಗಂಟೆಗೆ ಸುಮಾರು 8.5 ಯೂನಿಟ್ ಬೇಕು. 0.194 ಇದ್ದರೆ 5.5 ಸಾಕು. 300 ಕಿ.ಮೀ. ಓಟಕ್ಕೆ 9 ಯೂನಿಟ್ ಉಳಿತಾಯ. ಎಲೆಕ್ಟ್ರಿಕ್ ಕಾರಿನಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಬ್ಯಾಟರಿ ಅಲ್ವಾ? ಅಷ್ಟು ಬ್ಯಾಟರಿಯನ್ನು ಹಾಕುವುದೇ ಬೇಡ ಎಂದಾದರೆ ಬೆಲೆಯೂ ಇಳಿಯುತ್ತದೆ, ತೂಕವೂ ಇಳಿಯುತ್ತದೆ.

ಉಳಿದ ಕಡೆಯೂ ಖರ್ಚು ಹಿಡಿದಿದ್ದಾರೆ. ಒಂದೇ ಮೋಟಾರು, ನಿಕ್ಕಲ್ ಮತ್ತು ಕೋಬಾಲ್ಟ್ ಬೇಡದ ಎಲ್‌ಎಫ್‌ಪಿ ಬ್ಯಾಟರಿ, ಹಿಂದಿನ ಎರಡೂ ಚಕ್ರಗಳನ್ನು ಒಂದೇ ತೊಲೆಯಿಂದ ಜೋಡಿಸುವ ಸರಳವಾದ ಟಾರ್ಷನ್ ಬೀಮ್ ಸಸ್ಪೆನ್ಷನ್. ಹಳ್ಳ ಬಿದ್ದ ರಸ್ತೆಯಲ್ಲಿ ಹಿಂದೆ ಕೂತವರಿಗೆ ಸ್ವಲ್ಪ ಜಾಸ್ತಿ ಕುಲುಕಬಹುದು. ಈ ಬೆಲೆಗೆ ಅದು ಸರಿಯಾದ ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಆದರೆ 515 ಎನ್ನುವುದು ಚೀನಾದ ಸಿಎಲ್‌ಟಿಸಿ ಪರೀಕ್ಷೆಯ ಅಂಕಿ. ಅದರಲ್ಲಿ ಸರಾಸರಿ ವೇಗ ಗಂಟೆಗೆ 29 ಕಿ.ಮೀ. ಅಷ್ಟೇ. ಹೆದ್ದಾರಿಯಲ್ಲಿ 100ರ ವೇಗದಲ್ಲಿ ಹೋದರೆ 400ರ ಆಸುಪಾಸು ಸಿಕ್ಕೀತು ಎಂದು ನನ್ನ ಅಂದಾಜು.

ಈ ಕಾರು ನಮ್ಮಲ್ಲಿ ಮಾರಾಟಕ್ಕಿಲ್ಲ, ಗಾಳಿ ಮಾತ್ರ ಎಲ್ಲ ಕಡೆ ಒಂದೇ. ಕಳೆದ ಬೇಸಿಗೆಯಲ್ಲಿ ಪರಿಚಯದವರೊಬ್ಬರು ಚಿತ್ರದುರ್ಗದಿಂದ ಫೋನ್ ಮಾಡಿದರು. ‘ಸರ್, ಬ್ಯಾಟರಿ ಹಾಳಾಗಿದೆ ಅನ್ಸುತ್ತೆ, ಚಾರ್ಜ್ ಸರಸರ ಇಳೀತಿದೆ.’ ಮೇಲೆ ಕ್ಯಾರಿಯರ್ ಇದೆಯಾ ಎಂದು ಕೇಳಿದೆ. ಇತ್ತು, ಅದರ ಮೇಲೆ ಎರಡು ಸೂಟ್‌ಕೇಸ್. ಬರುವಾಗ ಅವನ್ನು ಡಿಕ್ಕಿಗೆ ತುರುಕಿ ಕ್ಯಾರಿಯರ್ ಬಿಚ್ಚಿದರು. ಬೆಂಗಳೂರಿನ ಕಡೆಗೆ ಏರು ಇದ್ದರೂ, ಮನೆ ಮುಟ್ಟಿದಾಗ ಚಾರ್ಜ್ ಮಿಕ್ಕಿತ್ತಂತೆ.